ಮೂರು ವ್ಯಾಟಿಗೆ ತಕ್ಕ ಸ್ಪೀಕರ್

ನಮ್ಮ ಕಡೆ ಸ್ಪೀಕರನ್ನು ಕಿವಿಯಿಂದ ಕೊಳ್ಳುವುದಿಲ್ಲ, ಕೈಯಿಂದ ಕೊಳ್ಳುತ್ತಾರೆ. ಗಿರಾಕಿ ಅಂಗಡಿಗೆ ಬರುತ್ತಾನೆ, ಸ್ಪೀಕರನ್ನು ಎರಡೂ ಕೈಯಲ್ಲಿ ಎತ್ತಿ ಹಿಂದಿನ ಮ್ಯಾಗ್ನೆಟ್ಟಿನ ಭಾರ ನೋಡುತ್ತಾನೆ, "ಮಾಲು ಗಟ್ಟಿ ಐತಿ" ಎನ್ನುತ್ತಾನೆ. ವ್ಯಾಪಾರ ಅಲ್ಲಿಗೆ ಮುಗಿಯಿತು. ಹಚ್ಚಿ ತೋರಿಸಿ ಎನ್ನುವವರು ಅಪರೂಪ. ಬೆಟಗೇರಿಯಲ್ಲಿ ಮೂವತ್ತು ವರ್ಷದಿಂದ ಸ್ಪೀಕರ್ ರಿಪೇರಿ ಮಾಡಿಕೊಂಡು ಬಂದಿರುವ ನಾನೂ ಹಾಗೇ ಎತ್ತಿ ನೋಡುವವನು. ಕೈಗೆ ಸಿಕ್ಕ ಭಾರ ಸುಳ್ಳು ಹೇಳುವುದಿಲ್ಲ ಎಂದು ಎಷ್ಟು ಮಂದಿಗೆ ಉಪದೇಶ ಮಾಡಿದ್ದೇನೋ ಲೆಕ್ಕವಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಲಕ್ಷ್ಮೇಶ್ವರದಿಂದ ಒಬ್ಬ ಸಂಗೀತದ ಗುರುಗಳು ಹೆಂಡತಿಯೊಂದಿಗೆ ಅಂಗಡಿಗೆ ಬಂದರು. ಗುರುಗಳ ಕೈಯಲ್ಲಿ ಕೌದಿ ಸುತ್ತಿದ ಗಂಟು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಂದ ಕೆಳಗಿಳಿಸಿಲ್ಲವಂತೆ. ಬಿಚ್ಚಿದರೆ ಒಳಗೊಂದು ವಾಲ್ವ್ ಆಂಪ್ಲಿಫೈಯರ್. ತಗಡಿನ ಪೆಟ್ಟಿಗೆ, ಮೇಲೆ ಮೂರು ಗಾಜಿನ ವಾಲ್ವು, ಹಿಂದೆ ಎರಡು ಟ್ರಾನ್ಸ್‌ಫಾರ್ಮರ್. ಗುರುಗಳ ಅಣ್ಣ ರೇಡಿಯೋ ಮೆಕ್ಯಾನಿಕ್ ಆಗಿದ್ದರು, ಈಗ ಇಲ್ಲ. ಅದನ್ನು ಕಟ್ಟಿದ್ದು ಅವರೇ.

ಮಾತಾಡಿದ್ದೆಲ್ಲ ಹೆಂಡತಿ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಗುರುಗಳ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ಏನಾದರೂ ಹೇಳಬೇಕಾದರೆ ಚೀಲದಿಂದ ಪಾಟಿ ತೆಗೆದು ಬಳಪದಲ್ಲಿ ಬರೆಯುತ್ತಿದ್ದರು.

"ಪ್ರಾಯದಾಗ ಹಾಡಿದ್ದು ಎಂಟು ಕ್ಯಾಸೆಟ್ ಅದಾವ್ರಿ. ಈಗ ಕಲಸಾಕ ಇವ್ರಿಗೆ ಆ ಕ್ಯಾಸೆಟ್ ಬಿಟ್ರ ಬ್ಯಾರೆ ದಾರಿ ಇಲ್ಲ. ಕಲಿಯೋರೆಲ್ಲ ಒಬ್ಬೊಬ್ರ ಬಿಟ್ಟು ಹೋದ್ರು. ಶಿರಹಟ್ಟಿಯಿಂದ ಒಬ್ಬಾಕಿ ಬರ್ತಾಳ, ಆಕಿ ಒಬ್ಬಾಕಿನ ಉಳದಾಳ. ತಮ್ಮ ಗುರುಗಳ ಕಡಿಂದ ಬಂದದ್ದನ್ನ ಆಕಿಗೆ ಒಪ್ಪಿಸಿಬಿಟ್ರ ಸಾಕು ಅಂತಾರ. ಡಾಕ್ಟ್ರು ಮತ್ತ ಗಂಟು ಕಾಣಸ್ತೈತಿ ಅಂದಾರ್ರಿಪಾ" ಎಂದರು ಅವರು. ಕಡೆಯ ಮಾತನ್ನು ಗಂಡನ ಕಡೆ ನೋಡದೆ ಹೇಳಿದರು.

ಅಂಗಡಿಯಲ್ಲೇ ಹಚ್ಚಿ ನೋಡಿದೆ. ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಒಳಗಿನ ಕಂಡೆನ್ಸರುಗಳು ಒಣಗಿ ಹೋಗಿದ್ದವು, ವಾಲ್ವಿನ ಸಾಕೆಟ್ಟುಗಳಿಗೆ ಕಿಲುಬು ಹಿಡಿದಿತ್ತು. ಅದು ನನಗೆ ದೊಡ್ಡ ಕೆಲಸವಲ್ಲ, ನಾಲ್ಕು ದಿನದಲ್ಲಿ ಸರಿ ಮಾಡಿದೆ. ಅಳೆದು ನೋಡಿದರೆ ಅದರ ಶಕ್ತಿ ಮೂರೇ ವ್ಯಾಟ್. ಇವತ್ತು ಮದುವೆ ಮನೆಯ ಡಿಜೆಯವರು ಸಾವಿರದ ಕೆಳಗೆ ಮಾತಾಡುವುದಿಲ್ಲ. ನಾನು ವಾಲ್ವಿಗೆ ಕೈಮುಗಿಯುವವನೂ ಅಲ್ಲ. "ಇದನ್ನ ಕಪಾಟಿನ್ಯಾಗ ಇಡ್ರಿ, ಕಡಿಮಿ ರೊಕ್ಕದಾಗ ನಲವತ್ತು ವ್ಯಾಟಿಂದು ಹೊಸಾದು ಕೊಡ್ತೀನಿ" ಎಂದೆ. ಗುರುಗಳು ಪಾಟಿ ತೆಗೆದು ಬರೆದರು: "ಅಣ್ಣ ಕಟ್ಟಿದ್ದು. ಇದ ಇರ್ಲಿ." ಪಾಟಿಯ ಮೇಲೆ ಬರೆದ ಮಾತಿಗೆ ಎದುರು ಮಾತಾಡುವುದು ಕಷ್ಟ.

ಉಳಿದದ್ದು ಸ್ಪೀಕರ್. ಮೊದಲಿದ್ದದ್ದು ಸೋರುವ ಮಾಳಿಗೆಯ ಕೆಳಗೆ ನೆನೆದು ಗೆದ್ದಲು ಹಿಡಿದು ಹೋಗಿತ್ತು. ಐದು ಸಾವಿರದೊಳಗೆ ಆಗಬೇಕು ಎಂದರು. ಹುಬ್ಬಳ್ಳಿಗೆ ಹೋಗಿ ಸಗಟು ಅಂಗಡಿಯಲ್ಲಿ ಒಂದೊಂದನ್ನೇ ಎತ್ತಿ ನೋಡಿದೆ. ಹನ್ನೆರಡು ಇಂಚಿನದು, ಅದುರಿ ಸದ್ದು ಹೊರಡಿಸುವ ಕಾಗದದ ಕೋನು ದಪ್ಪ, ಅಂಚಿಗೆ ರಬ್ಬರು, ಇನ್ನೂರು ವ್ಯಾಟ್ ತಡೆಯುತ್ತದೆ ಎಂದು ಬರೆದಿತ್ತು. ಎತ್ತಿದರೆ ರಟ್ಟೆ ನೋಯುವಷ್ಟು ಭಾರ. ಗುರುಗಳ ಕೆಲಸ, ಕಡಿಮೆ ಮಾಲು ಕೊಡಬಾರದು ಎಂದು ಅದನ್ನೇ ತಂದೆ. ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿದೆ. ಆಂಪ್ಲಿಫೈಯರಿನ ಹಿಂದೆ ನಾಲ್ಕು, ಎಂಟು, ಹದಿನಾರು ಓಮಿನ ಮೂರು ತಂತಿ ಇದ್ದವು. ಸ್ಪೀಕರ್ ಎಂಟು ಓಮಿನದು, ಎಂಟಕ್ಕೇ ಸೇರಿಸಿದೆ. ಎಲ್ಲ ಶಾಸ್ತ್ರೋಕ್ತವಾಗಿ ಮಾಡಿ ಲಕ್ಷ್ಮೇಶ್ವರದ ಅವರ ಮನೆಯಲ್ಲಿ ಹಚ್ಚಿದೆ. ಗುರುಗಳು ಕಣ್ಣು ಮುಚ್ಚಿ ತಮ್ಮ ಹಳೆಯ ಧ್ವನಿಯನ್ನು ಅರ್ಧ ತಾಸು ಕೇಳಿ ತಲೆದೂಗಿದರು. ನಾನು ಹಿರಿಹಿರಿ ಹಿಗ್ಗುತ್ತ ಬಸ್ಸು ಹತ್ತಿದೆ.

ಎರಡು ತಿಂಗಳಾದ ಮೇಲೆ ಗುರುಗಳ ಹೆಂಡತಿಯ ಫೋನ್ ಬಂತು. ಮೇಲಿನ ಸ್ವರ ಬಂದಾಗ ಸ್ಪೀಕರ್ ಒಡಕಲು ಸದ್ದು ಮಾಡುತ್ತದೆ, ಬಂದು ನೋಡಿ ಎಂದರು. ಹೋದೆ. ಗುರುಗಳು ಒಳಗೆ ಮಲಗಿದ್ದರು. ಚಹಾ ಕೊಡುತ್ತ ಆಕೆ ದನಿ ತಗ್ಗಿಸಿ ಬೇರೆಯದೇ ಸುದ್ದಿ ಹೇಳಿದರು.

"ಶಿರಹಟ್ಟಿ ಹುಡಿಗಿ ಬರೂದು ಬಿಟ್ಟಾಳ್ರಿ. ಹಾಡಿನ್ಯಾಗ ಒಂದ ಒಂದು ಜಾಗಾಕ್ಕ ಇಬ್ರಿಗೂ ಗುದ್ದಾಟ. ಇವ್ರು ಕ್ಯಾಸೆಟ್ ಹಚ್ಚೂದು, ಆಕಿ ಹಾಡೂದು, ಇವ್ರು ಅಲ್ಲ ಅಲ್ಲ ಅಂತ ತಲಿ ಅಳ್ಳಾಡಸೂದು. ವಾರಗಟ್ಲೆ ಇದ ನಡೀತು. ಕಡೀಕ ಆಕಿ 'ಗುರುಗಳ, ನನಗ ಅದು ಕೇಳಸವಲ್ದು' ಅಂದ್ಲು. ಇವ್ರಿಗೆ ಸಿಟ್ಟು ಬಂತು. 'ಕೇಳಸದವ್ರಿಗೆ ಹಾಡಾಕ ಬರೂದಿಲ್ಲ' ಅಂತ ಪಾಟಿ ಮ್ಯಾಲೆ ಬರದು ಆಕಿ ಮುಂದ ಇಟ್ರು. ಆಕಿ ಓದಿ, ಕಾಲಿಗೆ ಬಿದ್ದು ಹೋದಾಕಿ ಮತ್ತ ಬಂದಿಲ್ಲ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನನ್ನ ಬಾಯಿಗೆ ಬಂದಿತ್ತು. ಪುಣ್ಯಕ್ಕೆ ಬಾಯಲ್ಲಿ ಚಹಾ ಇತ್ತು.

ಗುರುಗಳು ಎದ್ದು ಬಂದರು. ನೋಡಿದರೆ ಆಂಪ್ಲಿಫೈಯರಿನ ವಾಲ್ಯೂಮನ್ನು ಪೂರಾ ತಿರುಗಿಸಿ ಇಟ್ಟಿದ್ದರು. ಮೇಲಿನ ಸ್ವರದಲ್ಲಿ ಒಡಕು ಬರದೆ ಇನ್ನೇನು? ತುಸು ಇಳಿಸಿದೆ, ಒಡಕು ಹೋಯಿತು. ಆದರೆ ಗುರುಗಳು ಮತ್ತೆ ಏರಿಸಿದರು. ಯಾವ ಜಾಗಕ್ಕೆ ಆಕೆ ತಪ್ಪುತ್ತಿದ್ದಳು ಎಂದು ಸುಮ್ಮನೆ ಕೇಳಿದೆ. ಅವರು ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಹಚ್ಚಿದರು. ಧ್ವನಿ ಮೇಲಿನಿಂದ ಇಳಿಯುತ್ತ ಬಂದು ಷಡ್ಜಕ್ಕೆ ಮುಟ್ಟಿ ನಿಂತಿತು. ನನ್ನ ಕಿವಿಗೆ ಅಲ್ಲಿಗೆ ಮುಗಿದಿತ್ತು. ಗುರುಗಳ ಕೈ ಮಾತ್ರ ನಿಲ್ಲಲಿಲ್ಲ. ಅದು ಗಾಳಿಯಲ್ಲಿ ಇನ್ನೂ ಕೆಳಕ್ಕೆ, ಮೆಲ್ಲಗೆ ಜಾರುತ್ತ ಹೋಗಿ ತಡೆದು ನಿಂತಿತು. ಆಮೇಲೆ ಕೇಳಿಸಿತಲ್ಲ ಎನ್ನುವಂತೆ ನನ್ನ ಮುಖ ನೋಡಿದರು.

ನನಗೆ ಏನೂ ಕೇಳಿಸಿರಲಿಲ್ಲ. ಕೇಳಿಸಲಿಲ್ಲ ಎಂದರೆ ಸ್ಪೀಕರ್ ಮಾರುವವನಿಗೇ ಕಿವಿ ಇಲ್ಲ ಎಂದುಕೊಂಡಾರು ಎಂದು ನಾಚಿಕೆಯಾಯಿತು. "ಹೌದ್ರೀ, ಕೇಳಿಸ್ತು" ಎಂದೆ. ಅವರ ಮುಖ ಗೆದ್ದವರ ಮುಖದ ಹಾಗಾಯಿತು.

ದಾರಿಯುದ್ದಕ್ಕೂ ಆ ಕೈ ಕಣ್ಣ ಮುಂದಿತ್ತು. ಟೇಪಿಗೆ ಬೂಸ್ಟು ಹಿಡಿದಿದ್ದರೆ ಒರೆಸಿ ಕೊಡುತ್ತೇನೆಂದು ನೆವ ಹೇಳಿ ಕ್ಯಾಸೆಟ್ಟನ್ನು ಬೇಡಿ ತಂದಿದ್ದೆ. ಮರುದಿನ ಅಂಗಡಿಯಲ್ಲಿ ಅದನ್ನು ಹೆಡ್‌ಫೋನಿನಲ್ಲಿ ಕೇಳಿದೆ. ಷಡ್ಜ ಮುಟ್ಟಿದ ಧ್ವನಿ ನಿಂತಿರಲೇ ಇಲ್ಲ. ಉಸಿರಿನಷ್ಟು ಸಣ್ಣದಾಗಿ, ತುಂಡಾಗದೆ, ಕೆಳಗಿನ ನಿಷಾದವನ್ನು ಹಾದು ಧೈವತಕ್ಕೆ ಹೋಗಿ ತಂಗಿತ್ತು. ಗುರುಗಳ ಕೈ ಎಲ್ಲಿ ನಿಂತಿತ್ತೋ ಅಲ್ಲಿಗೇ.

ಹೆಡ್‌ಫೋನ್ ತೆಗೆದಿಟ್ಟೆ. ಹಾಡಿದವರು ಅವರೇ, ಅದು ಅವರ ನೆನಪಿನಲ್ಲಿ ಇತ್ತು. ಸ್ಪೀಕರ್ ನುಡಿಯದಿದ್ದರೂ ಅವರಿಗೆ ಕೇಳುತ್ತಿತ್ತು. ಕಲಿಯಲು ಬಂದವಳಿಗೆ ಇದ್ದದ್ದು ಎರಡು ಕಿವಿ ಮಾತ್ರ. ನೆಲವೇ ಡೊಂಕಾಗಿತ್ತು, ಆ ನೆಲ ಹಾಕಿದವನು ನಾನು. ಆಕೆ ಖರೆ ಹೇಳಿ ಮನೆಗೆ ಹೋದಳು, ನಾನು ಸುಳ್ಳು ಹೇಳಿ ಚಹಾ ಕುಡಿದು ಬಂದೆ.

ತಪ್ಪು ಎಲ್ಲಿದೆ ಎಂದು ತಿಳಿಯಲು ಅಂಥದೇ ಇನ್ನೊಂದು ಭಾರದ ಸ್ಪೀಕರನ್ನು ನಲವತ್ತು ವ್ಯಾಟಿನ ಆಂಪ್ಲಿಫೈಯರಿಗೆ ಹಚ್ಚಿದೆ. ಧೈವತ ಕೇಳಿಸಿತು. ಅಂದರೆ ಸ್ಪೀಕರ್ ಕೆಟ್ಟದ್ದಲ್ಲ, ಅದಕ್ಕೆ ಹಸಿವು ಹೆಚ್ಚು. ಒಂದು ವ್ಯಾಟ್ ಕೊಟ್ಟರೆ ಎಷ್ಟು ಸದ್ದು ಮಾಡುತ್ತದೆ ಎನ್ನುವುದಕ್ಕೆ ಡೆಸಿಬಲ್ಲಿನ ಒಂದು ಅಂಕಿ ಇರುತ್ತದೆ. ಅದರ ಡಬ್ಬಿಯ ಮೇಲೆ ಎಂಬತ್ತೈದು ಎಂದು ಸಣ್ಣ ಅಕ್ಷರದಲ್ಲಿ ಇತ್ತು, ನಾನು ಇನ್ನೂರು ಎನ್ನುವ ದೊಡ್ಡ ಅಕ್ಷರ ಮಾತ್ರ ಓದಿದ್ದೆ. ಆ ಅಂಕಿ ಹತ್ತು ಹೆಚ್ಚಾದರೆ ಹತ್ತರಲ್ಲೊಂದು ಪಾಲು ವ್ಯಾಟಿನಲ್ಲಿ ಅಷ್ಟೇ ಸದ್ದು ಬರುತ್ತದೆ. ಇದನ್ನು ನಾನು ಕೆಲಸ ಕಲಿಯುವಾಗ ಓದಿದ್ದೆ. ಕೈಗೆ ಭಾರ ರೂಢಿಯಾದ ಮೇಲೆ ಮರೆತಿದ್ದೆ.

ನಲವತ್ತು ವ್ಯಾಟಿನದನ್ನೇ ಒಯ್ಯಲೇ ಎಂದು ಫೋನಿನಲ್ಲಿ ಇನ್ನೊಮ್ಮೆ ಕೇಳಿದೆ. ಗುರುಗಳ ಹೆಂಡತಿ ಒಳಗೆ ಹೋಗಿ ಬಂದು, "ಬ್ಯಾಡ ಅಂತ್ರಿ" ಎಂದರು. ಸರಿ, ಮೂರು ವ್ಯಾಟಿನಲ್ಲಿ ಉಸಿರನ್ನೂ ಕೇಳಿಸುವ ಸ್ಪೀಕರನ್ನೇ ಹುಡುಕಬೇಕು.

ಮೊದಲು ಭೋಂಗಾ ಹಚ್ಚಿ ನೋಡಿದೆ, ಗುಡಿಯ ಮೇಲೆ ಕಟ್ಟುವಂಥದು. ಸದ್ದೇನೋ ಓಣಿಗೆಲ್ಲ ಕೇಳುವಷ್ಟು ಬಂತು, ಆದರೆ ಕೆಳಗಿನ ಸ್ವರ ಅದರ ಬಾಯಿಂದ ಹೊರಬೀಳಲೇ ಇಲ್ಲ. ಗುರುಗಳು ಎಲೆಕ್ಷನ್ ಪ್ರಚಾರಕ್ಕೆ ನಿಂತ ಹಾಗೆ ಕೇಳಿಸಿತು. ಆಮೇಲೆ ಹುಬ್ಬಳ್ಳಿಯಿಂದ ಕಪಾಟಿನಲ್ಲಿ ಇಡುವಂಥ ಸಣ್ಣ ಚೆಂದದ ಸ್ಪೀಕರ್ ತಂದೆ. ಅದಕ್ಕೆ ಮೊದಲಿನದಕ್ಕಿಂತ ಹೆಚ್ಚು ಹಸಿವು. ವಿದೇಶದ್ದು, ಅಂಕಿ ತೊಂಬತ್ತೈದರ ಮೇಲಿನದು ಸಿಗುತ್ತದೆ ಎಂದು ಒಬ್ಬರು ಹೇಳಿದರು. ಬೆಲೆ ಕೇಳಿ ಫೋನ್ ಇಟ್ಟೆ.

ಇಷ್ಟಾದ ಮೇಲೆ ಬುದ್ಧಿ ಬಂತು. ವಾಲ್ವಿನ ಕಾಲದಲ್ಲಿ ಇಷ್ಟೇ ಇಷ್ಟು ವ್ಯಾಟಿನಲ್ಲಿ ಜನ ಸಿನೆಮಾ ನೋಡುತ್ತಿದ್ದರಲ್ಲ, ಪರದೆಯ ಹಿಂದೆ ಇದ್ದದ್ದು ಏನು? ಮುಂಡರಗಿಯಲ್ಲಿ ಒಂದು ಟಾಕೀಸ್ ಮುಚ್ಚಿ ಬಹಳ ವರ್ಷವಾಗಿ ಈಗ ಕಡಲೆ ಚೀಲದ ಗೋದಾಮಾಗಿದೆ. ಅದರ ಹಳೆಯ ಆಪರೇಟರ್ ಅಲ್ಲೇ ಹಿಂದಿನ ಮನೆಯಲ್ಲಿದ್ದಾರೆ, ಎಪ್ಪತ್ತೈದರ ಆಚೆಯ ಮನುಷ್ಯ. ಚೀಲಗಳ ನಡುವೆ ನನ್ನನ್ನು ಕರೆದುಕೊಂಡು ಹೋಗಿ ಮೂಲೆಯಲ್ಲಿದ್ದ ಎರಡು ಸ್ಪೀಕರುಗಳನ್ನು ತೋರಿಸಿದರು.

"ತಮ್ಮಾ, ನಮ್ಮ ಮಶಿನ್ನಿಗೆ ಇದ್ದದ್ದು ಹದಿನೈದು ವ್ಯಾಟ್. ನಾಯಕಿ ಉಸರು ಬಿಟ್ರ ಹಿಂದಿನ ಗ್ವಾಡಿಗೆ ಕುಂತವಗೂ ಕೇಳ್ತಿತ್ತು. ಈಗಿನವಕ್ಕ ಎದಿ ಬಡಿಯೂದಷ್ಟ ಗೊತ್ತು" ಎಂದರು.

ಒಂದನ್ನು ಎತ್ತಿದೆ. ಹಗುರ. ಮ್ಯಾಗ್ನೆಟ್ ಮುಷ್ಟಿಯಷ್ಟು ಸಣ್ಣದು. ಕೋನು ತೆಳ್ಳನೆಯ ಕಾಗದದ್ದು, ಇಲಿ ಕಡಿದು ಅಂಚು ಹರಿದಿತ್ತು. ಯಾರಾದರೂ ಇದನ್ನು ನನ್ನ ಅಂಗಡಿಗೆ ತಂದಿದ್ದರೆ ಎತ್ತಿ ನೋಡಿ ಗುಜರಿಗೆ ಹಾಕಿರಿ ಎನ್ನುತ್ತಿದ್ದೆ. ಜೇಬಿನಲ್ಲಿದ್ದ ಪೆನ್ ಸೆಲ್ಲಿಗೆ ಎರಡು ತಂತಿ ಹಿಡಿದು ಸ್ಪೀಕರಿಗೆ ಮುಟ್ಟಿಸಿದೆ. ಠಕ್ ಎಂದಿತು. ಹರಿದ ಕೋನೇ ಅಷ್ಟು ಸದ್ದು ಮಾಡಿದ್ದು ಕೇಳಿ ಆಪರೇಟರ್ ನನ್ನತ್ತ ನೋಡಿ ನಕ್ಕರು. ಭಾರದ ಸ್ಪೀಕರಿಗೆ ಅದೇ ಸೆಲ್ ಮುಟ್ಟಿಸಿದ್ದಾಗ ಕೋನು ಮಿಸುಕಿದ್ದೇ ಕಾಣದಷ್ಟು ಸಣ್ಣಗೆ ಅಲುಗಿತ್ತು.

"ಇಲಿ ತಿಂದು ಬಿಟ್ಟದ್ದಕ್ಕ ಏನ್ ರೇಟ್ ಹೇಳ್ಲಿ? ಎರಡಕ್ಕೂ ಕೂಡಿ ಒಂದ್ ಸಾವಿರ ಕೊಡು, ಆತು."

ಬೆಟಗೇರಿಗೆ ತಂದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಅವಸರ. ಮೊದಲನೆಯದರ ಹರಿದ ಕೋನನ್ನು ಕಿತ್ತು ಹಾಕಿ, ಅಂಗಡಿಯಲ್ಲಿದ್ದ ಸಿದ್ಧ ಕೋನು ಅಂಟಿಸಿಬಿಟ್ಟೆ. ಈಗ ಸಿಗುವ ಕೋನುಗಳೆಲ್ಲ ಡಿಜೆಗೆ ಮಾಡಿದವು, ರಟ್ಟಿನಂತೆ ದಪ್ಪ. ಅಂಟು ಒಣಗಿದ ಮೇಲೆ ಸೆಲ್ ಮುಟ್ಟಿಸಿದರೆ ಠಕ್ ಎನ್ನುವುದು ಹೋಗಿ ತುಪ್ ಎಂದಿತು. ಹಳೆಯ ಕೋನನ್ನು ಆಗಲೇ ಚೂರು ಮಾಡಿದ್ದೆ. ಹೋಯಿತು ಒಂದು. ಆವತ್ತು ಅಂಗಡಿಯ ಬಾಗಿಲು ಹಾಕಿಕೊಂಡು ಹೊತ್ತಿಗೆ ಮೊದಲೇ ಮನೆಗೆ ಹೋದೆ.

ಎರಡನೆಯದಕ್ಕೆ ಹೊಸದೇನನ್ನೂ ಹಾಕುವುದಿಲ್ಲ, ಹಳೆಯ ಕಾಗದವನ್ನೇ ಉಳಿಸಿಕೊಳ್ಳುತ್ತೇನೆ ಎಂದು ತೀರ್ಮಾನಿಸಿದೆ. ಒಂದು ಸ್ಪೀಕರಿಗೆ ಇಷ್ಟು ದಿನ ಕೂತರೆ ಅಂಗಡಿ ನಡೆಯುವುದಿಲ್ಲ. ಮದುವೆಯ ಸೀಜನ್, ಹೊರಗೆ ಡಿಜೆಯವರ ಡಬ್ಬಿಗಳು ಸಾಲು ಹಿಡಿದಿದ್ದವು. ಇರಲಿ ಎಂದು ಬಿಟ್ಟೆ. ಕೋನಿನ ಹರಿದ ಜಾಗಗಳಿಗೆ ಗಾಳಿಪಟದ ಕಾಗದವನ್ನು ಉಗುರಿನಷ್ಟು ಹರಿದು, ನೀರು ಬೆರೆಸಿ ತೆಳ್ಳಗೆ ಮಾಡಿದ ಅಂಟಿನಿಂದ ಒಂದೊಂದೇ ತೇಪೆ ಹಾಕಿದೆ. ಅಂಟು ಹೆಚ್ಚಾದರೆ ಭಾರ, ಕಡಿಮೆಯಾದರೆ ಬಿಡುತ್ತದೆ. ಅಂಚಿಗೆ ಕಾಗದ ತಾಳುವುದಿಲ್ಲ, ತೆಳ್ಳನೆಯ ನೂಲಿನ ಬಟ್ಟೆ ಬೇಕು. ನಮ್ಮ ಓಣಿಯಲ್ಲಿ ಮಗ್ಗ ಇಟ್ಟುಕೊಂಡ ಅಜ್ಜಿಯನ್ನು ಕೇಳಿದೆ. "ಸೀರಿ ಉಡಿಸ್ತೀಯೇನೋ ನಿನ್ನ ಸ್ಪೀಕರಿಗೆ?" ಎಂದು ಅಣಕಿಸಿ ಬೆರಳಗಲದ ಪಟ್ಟಿಯೊಂದನ್ನು ಸಡಿಲವಾಗಿ ನೇಯ್ದು ಕೊಟ್ಟಳು. ಕೋನಿನ ನಡುವಿನ ತಂತಿಯ ಸುರುಳಿ ಮ್ಯಾಗ್ನೆಟ್ಟಿಗೆ ಉಜ್ಜಬಾರದು. ಸುತ್ತಲೂ ಎಕ್ಸ್‌ರೇ ಹಾಳೆಯ ನಾಲ್ಕು ಪಟ್ಟಿ ತೂರಿಸಿ, ನಡುಮಧ್ಯಕ್ಕೆ ತಂದು, ಅಂಟು ಒಣಗುವವರೆಗೆ ಎರಡು ದಿನ ಮುಟ್ಟದೆ ಬಿಟ್ಟೆ. ಪಟ್ಟಿ ಎಳೆದು ತೆಗೆದು ಸೆಲ್ ಮುಟ್ಟಿಸಿದೆ. ಠಕ್.

ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟರೆ ಉಸಿರು ಕಟ್ಟಿದಂತೆ ನುಡಿಯುತ್ತಿತ್ತು. ಹಳೆಯ ಕಪಾಟಿನ ಅಗಲವಾದ ಹಿಂಬದಿಯ ಹಲಗೆಗೆ ರಂಧ್ರ ಕೊರೆದು, ಹಿಂದೆ ಏನೂ ಮುಚ್ಚದೆ ಕೂರಿಸಿದೆ. ನನ್ನ ಹತ್ತಿರವೇ ಇದ್ದ ಸಣ್ಣ ಆಂಪ್ಲಿಫೈಯರಿಗೆ ಹಚ್ಚಿ, ಮೂರು ವ್ಯಾಟಿಗಿಂತ ಮೇಲೆ ಏರದಂತೆ ಮೀಟರ್ ಇಟ್ಟುಕೊಂಡು ಆ ಕ್ಯಾಸೆಟ್ ಹಾಕಿದೆ. ಷಡ್ಜ ಬಂತು. ನಿಲ್ಲಲಿಲ್ಲ. ನಿಷಾದ ಹಾದು ಧೈವತಕ್ಕೆ ಹೋಯಿತು. ಎರಡನೆಯ ಸಲ ಹಾಕಲು ನನಗೆ ಧೈರ್ಯ ಬರಲು ತುಸು ಹೊತ್ತು ಬೇಕಾಯಿತು.

ಲಕ್ಷ್ಮೇಶ್ವರಕ್ಕೆ ಹೋಗುವ ಮೊದಲು ಶಿರಹಟ್ಟಿಗೆ ಹೋದೆ. ಆಕೆ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು, ಮೂವತ್ತರ ಆಸುಪಾಸು. ಊಟದ ಬಿಡುವಿನಲ್ಲಿ ಹೊರಗಿನ ಕಟ್ಟೆಯ ಮೇಲೆ ಕೂತು ನನ್ನ ಮಾತೆಲ್ಲ ಕೇಳಿದಳು. ಸ್ಪೀಕರ್ ಆರಿಸಿದವನು ನಾನು, ಅದು ಆ ಸ್ವರವನ್ನು ನುಡಿಯುತ್ತಲೇ ಇರಲಿಲ್ಲ, ನಿನ್ನ ಕಿವಿಯಲ್ಲಿ ದೋಷವಿಲ್ಲ ಎಂದೆ.

"ನಾ ಹುಬ್ಬಳ್ಳಿಗೆ ಹೋಗಿ ಕಿವಿ ತಪಾಸ್ ಮಾಡಿಸ್ಕೊಂಡು ಬಂದೇನ್ರಿ. ಎಲ್ಲಾ ಸರಿ ಐತಿ ಅಂದ್ರು. ಹಂಗಾರ ನನ್ನಾಗ ಸಂಗೀತನ ಇಲ್ಲ ಅಂತ ತಿಳಕೊಂಡೆ. ತಂಬೂರಿ ತಂತಿ ಬಿಚ್ಚಿಟ್ಟೇನಿ" ಎಂದಳು. ಆಮೇಲೆ ಕೇಳಿದಳು: "ಅಣ್ಣಾರ, ಈಗ ಕೇಳಿಸಿದ ಮ್ಯಾಲೂ ನನಗ ಬರ್ಲಿಲ್ಲಂದ್ರ?"

ಸ್ಪೀಕರ್ ರಿಪೇರಿಯವನು ಎಷ್ಟೆಂದು ಭರವಸೆ ಕೊಡಬಲ್ಲ? "ಐತವಾರ ಮುಂಜಾನೆ ನಾ ಅಲ್ಲಿ ಇರ್ತೀನಿ, ಬಾರವ್ವಾ" ಎಂದಷ್ಟೇ ಹೇಳಿ ಬಂದೆ.

ಬಂದಳು. ನಾನು ಸ್ಪೀಕರಿಗೆ ಅಲೆದ ಎರಡು ತಿಂಗಳಲ್ಲಿ ಗುರುಗಳು ಇನ್ನೂ ಇಳಿದು ಹೋಗಿದ್ದರು. ಆಕೆ ನಮಸ್ಕಾರ ಮಾಡಿ ಗೋಡೆಯ ಹತ್ತಿರ ಕೂತಳು, ಅವರು ನೋಡಿಯೂ ನೋಡದಂತೆ ಇದ್ದರು. ಹಲಗೆಯನ್ನು ಗೋಡೆಗೆ ಆನಿಸಿ, ತಂತಿ ಸೇರಿಸಿ, ವಾಲ್ವು ಕಾಯಲಿ ಎಂದು ಬಿಟ್ಟೆ. ಆ ಹೊತ್ತಿನಲ್ಲಿ ಹೇಳದಿದ್ದರೆ ಮುಂದೆಂದೂ ಹೇಳಲಾರೆ ಎನಿಸಿತು.

"ಗುರುಗಳ, ಹ್ವಾದ ಸಲ ನೀವು ಕೇಳಿಸ್ತೇನು ಅಂದ್ರಿ. ನಾ ಹೌದು ಅಂದೆ. ಅದು ಸುಳ್ಳರಿ. ನನಗ ಕೇಳಿಸಿರ್ಲಿಲ್ಲ. ಆಕಿ ಹೇಳಿದ್ದು ಖರೆ ಇತ್ತು."

ಅವರು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವ ಹಾಗಿಲ್ಲ. ಸಿಟ್ಟಿರಲಿಲ್ಲ ಅದರಲ್ಲಿ. ಎಷ್ಟು ದಿನ ಹಾಳಾಯಿತು ಎಂದು ಎಣಿಸುವವರ ಹಾಗೆ ನೋಡಿದರು, ಅವರ ಹತ್ತಿರ ಉಳಿದ ದಿನಗಳೇ ಕಡಿಮೆ. ಆಮೇಲೆ ಪಾಟಿ ತೆಗೆದುಕೊಂಡು ಏನೋ ಬರೆದು ಅವಳ ಕಡೆ ತಿರುಗಿಸಿದರು. ನನಗೆ ಕಾಣಿಸಲಿಲ್ಲ. ಅವಳು ಓದಿ, "ಇರ್ಲಿ ಬಿಡ್ರಿ ಗುರುಗಳ" ಎಂದು ಸೆರಗಿನಿಂದ ತಾನೇ ಒರೆಸಿಬಿಟ್ಟಳು.

ಕ್ಯಾಸೆಟ್ ಹಾಕಿದೆ. ವಾಲ್ಯೂಮ್ ಅರ್ಧಕ್ಕಿಂತ ಕಡಿಮೆ ಇತ್ತು. ಧ್ವನಿ ಇಳಿಯುತ್ತ ಬಂದು ಷಡ್ಜ ಮುಟ್ಟಿ, ಅಲ್ಲಿಂದ ಮೆಲ್ಲಗೆ ಜಾರಿತು. ಅವಳ ತಲೆ ತಟ್ಟನೆ ಎದ್ದಿತು. "ಮತ್ತೊಮ್ಮೆ" ಎಂದಳು. ಮತ್ತೊಮ್ಮೆ ಹಾಕಿದೆ. ಹೀಗೆ ನಾಲ್ಕು ಸಲ ಕೇಳಿದಳು. ಮೊದಲ ಸಲ ಹಾಡಲು ಹೋಗಿ ಷಡ್ಜದಲ್ಲೇ ನಿಂತುಬಿಟ್ಟಳು, ರೂಢಿ. ಎರಡನೆಯ ಸಲ ಇಳಿದಳು, ನಡುವೆ ತುಂಡಾಯಿತು. ಗುರುಗಳು ತಲೆ ಅಲ್ಲಾಡಿಸಿದರು. ಮೂರನೆಯ ಸಲ ಉಸಿರು ತುಂಬಿಕೊಂಡು, ಕಣ್ಣು ಮುಚ್ಚಿ ಹಾಡಿದಳು. ಎಲ್ಲಿ ಸ್ವರ ಬದಲಾಯಿತು ಎನ್ನುವುದೇ ತಿಳಿಯದಂತೆ ಕೆಳಗೆ ಹೋದಳು.

ಗುರುಗಳು ನನ್ನ ಕಡೆ ಕೈ ಎತ್ತಿದರು. ಸದ್ದು ಕಡಿಮೆ ಮಾಡಲೇ ಎಂದು ಗುಂಡಿಗೆ ಕೈ ಹಾಕಿದೆ. ಅಲ್ಲ, ಪೂರಾ ಬಂದ್ ಮಾಡು ಎಂದು ಸನ್ನೆ ಮಾಡಿದರು. ಬಂದ್ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಬೇಜಾರಾಯಿತು. ಅಷ್ಟು ಅಲೆದಾಡಿ ಮಾಡಿದ ಸ್ಪೀಕರ್ ಕಾಲು ತಾಸೂ ನುಡಿದಿರಲಿಲ್ಲ.

ಅವಳು ನಿಲ್ಲಿಸಲಿಲ್ಲ. ಅದೇ ಜಾಗವನ್ನು ಮತ್ತೆ ಹಾಡಿ, ಅಲ್ಲಿಂದ ಮುಂದಕ್ಕೆ ತಾನಾಗಿಯೇ ಹೊರಟಳು. ಗುರುಗಳ ತುಟಿಗಳು ಅವಳ ಜೊತೆ ಅಲುಗುತ್ತಿದ್ದವು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಆರಿದ ಆಂಪ್ಲಿಫೈಯರನ್ನು ನೋಡಿದರು, ಹಾಡುತ್ತಿದ್ದವಳನ್ನು ನೋಡಿದರು.

"ಎರಡು ವರ್ಷ ಆಗಿತ್ತರಿ, ಈ ಮನ್ಯಾಗ ಕ್ಯಾಸೆಟ್ ಇಲ್ಲದ ಇವ್ರ ದನಿ ಕೇಳಿ" ಎಂದರು.